ನಮ್ಮತ್ತಿಯ ಸಕ್ಕರಿ ಬ್ಯಾನಿ

ನನಗ ಹುಟ್ಟಾ ಒಂದು ಚಟ ಐತಿ, ಕೇಳೂದು. ಅದ್ಯಾಕ ಹಂಗ, ಇದ್ಯಾಕ ಹಿಂಗ ಅಂತ ಸಾಲ್ಯಾಗ ಮಾಸ್ತರಿಗೆ ಕೇಳಿ ಬೈಸಿಕೊಂಡಾಕಿ ನಾ, ಗುಡ್ಯಾಗ ಪೂಜಾರಿಗೆ ಕೇಳಿ ಬೈಸಿಕೊಂಡಾಕಿ. 'ಈಕಿ ಗಂಡನ ಮನ್ಯಾಗ ಬಾಳೇವು ಮಾಡತಾಳೋ ಪಂಚನಾಮಿ ಮಾಡತಾಳೋ' ಅಂತ ನಮ್ಮವ್ವ ಅಂತಿದ್ಳು. ಲಗ್ನಾಗಿ ನರಗುಂದದಿಂದ ರೋಣಕ್ಕ ಬಂದ ಮ್ಯಾಲೆ ಪಾಳಿ ತಿರುಗಿತು. ಎಲ್ಲಾರೂ ನನ್ನ ಕೇಳಾಕ ಹತ್ತಿದ್ರು. ನಳದ ಮುಂದ, ಹಿಟ್ಟಿನ ಗಿರಣ್ಯಾಗ, ಲಗ್ನದ ಪಂಕ್ತ್ಯಾಗ, ಎಲ್ಲೆ ಹೋದ್ರೂ ಒಂದ ಮಾತು: 'ಏನರ ವಿಶೇಷ ಐತೇನ?' ಮೊದಲನೇ ವರ್ಷ ನಾಚಿ ನಗತಿದ್ದೆ. ಮೂರನೇ ವರ್ಷಕ್ಕ ನಗು ಮುಗದಿತ್ತು. 'ಐತಲ್ರಿ, ಇವತ್ತ ಎಣಗಾಯಿ ಮಾಡೇನಿ' ಅಂತ ಹೇಳಿ ಕೊಡಾ ಎತ್ತಿಕೊಂಡು ಬಂದುಬಿಡತಿದ್ದೆ.

ನಮ್ಮನಿಯವ್ರದು ಬಸ್ ಸ್ಟ್ಯಾಂಡಿನ ಹಿಂದ ಮೋಟರ್ ವೈಂಡಿಂಗ್ ಅಂಗಡಿ. ಬೋರಿನ ಮೋಟರ್ ಸುಟ್ಟವು ಅಂದ್ರ ಸುತ್ತಲಿನ ಹಳ್ಳಿ ಮಂದಿ ಅವರ ಹಂತ್ಯಾಕ ಬರತಿದ್ರು. ಭಾಳ ಮಾತಾಡೋರಲ್ಲ. ತಾಮ್ರದ ತಂತಿ ಸುತ್ತಕೋತ ಕುಂತ್ರಂದ್ರ ಊಟದ ಹೊತ್ತು ಮೀರಿದ್ದೂ ಗೊತ್ತಾಗತಿದ್ದಿಲ್ಲ. ಮಕ್ಕಳ ಮಾತು ತಗದ್ರ, 'ಆದಾಗ ಆಗತೈತಿ ಬಿಡು' ಅಂತ ಇಕ್ಕಳಕ್ಕ ಕೈ ಹಾಕತಿದ್ರು.

ನಾ ಬಿಡಲಿಲ್ಲ. ಬನ್ನಿ ಗಿಡ ಸುತ್ತಿದೆ, ಸೋಮವಾರ ಹಿಡದೆ, ಗದಗಿನ ದವಾಖಾನ್ಯಾಗ ಗುಳಗಿ ನುಂಗಿದೆ, ಹೊಟ್ಟಿಯೊಳಗ ಔಷಧ ಬಿಟ್ಟು ಫೋಟೋ ತಗಸಿಕೊಂಡೆ. ಆ ಫೋಟೋ ತಗಿಯೂ ಮುಂದ ಜೀವ ಹೋಗಿ ಬಂದಂಗ ಆತು. ಆದ್ರೂ ಪರದೆ ಮ್ಯಾಲೆ ನನ್ನ ಹೊಟ್ಟಿಯೊಳಗಿನ ನಳಗಿ ಎರಡೂ ಬೆಳ್ಳಗ ಮೂಡಿದ್ದು ನೋಡಿ, ಹಿಂಗಿರತಾವೇನ ಅಂತ ಕತ್ತು ಎತ್ತಿ ನೋಡಿದಾಕಿ ನಾ. ಎಲ್ಲಾ ಚಲೋ ಐತಿ ಅಂದ್ರು. ಚಲೋ ಇದ್ರ ಯಾಕ ಆಗವಲ್ತು ಅಂತ ಕೇಳಿದೆ. ಡಾಕ್ಟರಬಾಯಿ ಕನ್ನಡಕ ತಗದು, ನಿಮ್ಮ ಮನಿಯವ್ರದು ತಪಾಸಣಿ ಆಗೇತೇನು ಅಂದ್ರು. ಇಲ್ಲ ಅಂದೆ. ಯಾರೂ ಬರೂದಿಲ್ಲ ತಂಗಿ, ಎಲ್ಲಾ ಗಂಡಸರೂ ಹೆಂಡ್ತೀನ್ನ ಒಳಗ ಕಳಿಸಿ ಹೊರಗ ಪೇಪರ್ ಓದತಾರ ಅಂದ್ರು.

ಅವತ್ತ ಮನಿಗೆ ಹೋಗದ ಸೀದಾ ಅಂಗಡಿಗೆ ಹೋದೆ. ಬೆಳವಣಕಿಯ ರೈತರೊಬ್ರು ಟೆಂಪೋದಾಗ ಮೋಟರ್ ಹೇರಿಕೊಂಡು ಬಂದಿದ್ರು. ನಮ್ಮನಿಯವ್ರು ಎಲ್ಲಾರಿಗೂ ಕೇಳೂವಂಗ ಅವರಿಗೂ ಕೇಳಿದ್ರು, ಮೊದಲ ಕಂಬದಾಗ ಕರೆಂಟ್ ಬರತೈತೋ ಇಲ್ಲೋ ನೋಡೀರೇನು, ಅದನ್ನ ಬಿಟ್ಟು ಮೋಟರ್ ಯಾಕ ಮ್ಯಾಲೆ ಎತ್ತಿಸಿದ್ರಿ ಅಂತ. ಆ ರೈತರು ತಲಿ ಕೆರಕೋತ ಹೋಗೂತನಾ ತಡದೆ. ಆಮ್ಯಾಲೆ ಹಂತ್ಯಾಕ ಹೋಗಿ ಮೆಲ್ಲಕ ಅಂದೆ:

"ನನ್ನ ಇಷ್ಟು ವರ್ಷದಿಂದ ಬಿಚ್ಚಿ ಬಿಚ್ಚಿ ನೋಡಾಕ ಹತ್ಯಾರ. ಕಂಬದಾಗ ಕರೆಂಟ್ ಐತೋ ಇಲ್ಲೋ ಯಾರೂ ನೋಡಿಲ್ಲ."

ಕೈಯಾಗಿನ ತಂತಿ ಹಂಗ ಹಿಡಕೊಂಡು ಕುಂತ್ರು. ಮಾರಿ ಕೆಂಪಗಾತು. ಒಂದೆರಡು ದಿನ ನನ್ನ ಕೂಡ ಮಾತಿಲ್ಲ, ಕಥಿಯಿಲ್ಲ. ನನಗೂ ಸಿಟ್ಟು, ರೊಟ್ಟಿ ತಾಟು ಕುಕ್ಕಿ ಇಡತಿದ್ದೆ. ಒಂದಿನ ನಸುಕಿನ್ಯಾಗ ಎದ್ದು ಗಡ್ಡಾ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, 'ನಡಿ' ಅಂದ್ರು.

ಹುಬ್ಬಳ್ಳ್ಯಾಗ ತಪಾಸಣಿ ಆತು. ತಿರುಗಿ ಬರುವಾಗ ಕಿಡಕಿ ಕಡೆ ಮಾರಿ ಮಾಡಿ ಕುಂತವರು ಅಣ್ಣಿಗೇರಿ ದಾಟಿದ ಮ್ಯಾಲೆ ತಾವ ಅಂದ್ರು, 'ಕರೆಂಟ್ ಭಾಳ ಕಮ್ಮಿ ಅಂತ.' ನನಗ ನಗು ಬಂತು. ಅವರಿಗೂ ಬಂತು. ಬಸ್ಸಿನ ಮಂದಿ ತಿರುಗಿ ನೋಡೂವಂಗ ಇಬ್ರೂ ನಕ್ಕಿವಿ. ನಕ್ಕು ಮುಗಿದ ಮ್ಯಾಲೆ ನೋಡತೇನಿ, ಅವರ ಕಣ್ಣಾಗ ನೀರು. ಗದಗ ಬರೂತನಾ ಅವರ ಕೈ ಹಿಡಕೊಂಡಿದ್ದೆ. ನಮ್ಮ ಕಡೆ ಬಸ್ಸಿನ್ಯಾಗ ಗಂಡಾ ಹೆಂಡತಿ ಕೈ ಹಿಡಕೊಂಡು ಕುಂದ್ರೂದಿಲ್ಲ. ಅವತ್ತ ಕುಂತಿವಿ.

ದಾರಿ ಇರೂದು ಒಂದ, ಟೆಸ್ಟ್ ಟ್ಯೂಬ್ ಅಂತ ಡಾಕ್ಟರು ಹೇಳಿದ್ರು. ಅದಕ್ಕ ಹತ್ತೂ ರೊಕ್ಕ ಕೇಳಿ ನಮ್ಮನಿಯವ್ರು ಎದ್ದ ನಿಂತುಬಿಟ್ಟಿದ್ರು. ಮನಿಗೆ ಬಂದು ನಮ್ಮತ್ತಿಗೆ ಹೇಳದ ಗತಿ ಇರಲಿಲ್ಲ. ನಮ್ಮತ್ತಿ ಗಜೇಂದ್ರಗಡದ ತವರಿನಾಕಿ, ಗಂಡ ಲಗೂ ತೀರಿಕೊಂಡ ಮ್ಯಾಲೆ ಇದ್ದೊಬ್ಬ ಮಗನ್ನ ಬೆಳಸಿದಾಕಿ. ಎದುರಿಗೆ ನಾ ಆಕಿಗೆ ರೀ ಹಚ್ಚೇ ಮಾತಾಡತಿದ್ದೆ, ಮನಸಿನ್ಯಾಗ ಮಾತ್ರ ಏಕವಚನ. ಈಗೂ ಹಂಗ ಬರೀತೇನಿ.

ಎಲ್ಲಾ ಕೇಳಿ ನಮ್ಮತ್ತಿ ಎದ್ದು ಕಿಡಕಿ ಹಾಕಿ ಬಂದ್ಳು. ಆಮ್ಯಾಲೆ ಒಂದ ಮಾತು ಆಡಿದ್ಳು. ಕಮ್ಮಿ ಇರೂದು ಮಗನಾಗ ಅಂತ ಊರಾಗ ಒಬ್ಬರಿಗೂ ಗೊತ್ತಾಗಬಾರದು, ಗಂಡಸಿನ ಮಾನದ ಮಾತು, ಅವ ಬಜಾರದಾಗ ತಲಿ ಎತ್ತಿ ಅಡ್ಡಾಡಬೇಕು. ಹಂಗಾದ್ರ ನನ್ನ ತಲಿ ಏನಾತು ಅಂತ ಕೇಳಬೇಕಿತ್ತು, ನಾಲಿಗಿ ತುದಿಗೆ ಬಂದಿತ್ತು. ನುಂಗಿಕೊಂಡು ಹಿತ್ತಲಿಗೆ ಹೋಗಿ ಭಾಂಡೆ ತಿಕ್ಕಿದೆ. ಅವತ್ತ ತಿಕ್ಕಿದಷ್ಟು ಹೊಳಪು ಆ ಭಾಂಡೆ ಮತ್ತೆಂದೂ ಹೊಳಿಲಿಲ್ಲ.

ಮರುದಿನ ನಮ್ಮತ್ತಿ ಗಜೇಂದ್ರಗಡದ ಬಸ್ ಹತ್ತಿದ್ಳು. ಸಂಜಿಕೆ ಬಂದಾಗ ಕೊಳ್ಳಾಗ ಬಂಗಾರದ ಬೋರಮಾಳ ಇರಲಿಲ್ಲ. ಲಗ್ನದಾಗ ಹಾಕಿಕೊಂಡಿದ್ದನ್ನ ಎಂದೂ ತಗದಾಕಿ ಅಲ್ಲ, ಅದಿದ್ದ ಜಾಗಾ ಬೆಳ್ಳಗ ಕಾಣತಿತ್ತು. 'ಇದು ಒಂದ ಸರ್ತಿಗೆ ನೋಡವಾ, ಇನ್ನೊಂದು ಸರ್ತಿಗೆ ನನ್ನ ಕೊಳ್ಳಾಗ ಏನೂ ಉಳದಿಲ್ಲ' ಅಂತ ರೊಕ್ಕದ ಗಂಟು ನನ್ನ ಉಡಿಯಾಗ ಹಾಕಿದ್ಳು. ನಮ್ಮನಿಯವ್ರು ಇದ್ದೊಂದು ಮೊಪೆಡ್ ಮಾರಿ ಸೈಕಲ್ ತುಳಿಯಾಕ ಶುರು ಮಾಡಿದ್ರು. ಒಂದ ಸರ್ತಿ. ಆದ್ರ ಆತು, ಇಲ್ಲಂದ್ರ ಇಲ್ಲ.

ದಿನಾ ಸಂಜಿಕೆ ಹೊಟ್ಟಿಗೆ ಸೂಜಿ ಮಾಡಿಕೋಬೇಕಿತ್ತು. ಬ್ಯಾರೆಯವ್ರು ಯಾಕ, ನಾನ ಕಲೀತೇನಿ ಅಂದೆ. ಹುಬ್ಬಳ್ಳಿಯ ನರ್ಸು ಒಮ್ಮೆ ತೋರಿಸಿದ್ರು. ಹೊಟ್ಟಿ ಚರ್ಮ ಚಿವುಟಿ ಹಿಡದು, ಉಸರು ಬಿಟ್ಟು, ಒಮ್ಮೆಲೆ ಚುಚ್ಚೂದು. ಮೊದಲ ದಿನ ಎರಡು ಸರ್ತಿ ಸೂಜಿ ಹಿಂದಕ್ಕ ತಗದೆ, ಆಮ್ಯಾಲೆ ಸಂಡಗಿ ಒತ್ತಿದಷ್ಟ ಸಸಾರ ಆತು. ತೊಡಕು ಬ್ಯಾರೆ ಇತ್ತು. ಆ ಔಷಧ ಫ್ರಿಜ್ಜಿನ್ಯಾಗ ಇಡಬೇಕು. ನಮ್ಮ ಮನ್ಯಾಗ ತಣ್ಣಗ ಇರೂದು ಅಂದ್ರ ನೀರಿನ ಗಡಗಿ ಒಂದ.

ಓಣ್ಯಾಗ ಫ್ರಿಜ್ ಇದ್ದದ್ದು ಎದುರು ಮನಿಯಾಕಿ ಹಂತ್ಯಾಕ. ಓಣಿಗೆಲ್ಲಾ ಆಕಿ ಖಾಲಾ, ಉರ್ದುವಿನ್ಯಾಗ ಚಿಗವ್ವ. ಅವರ ಮನಿಯವ್ರದು ಸೋಡಾ ಶರಬತ್ತಿನ ಅಂಗಡಿ. ಖಾಲಾ ಅಂದ್ರ ಬಾಯಿ ಗಟ್ಟಿ, ಮನಸು ಬೆಣ್ಣಿ. ಆದ್ರ ಕೇಳೂದರಾಗ ನನಗ ಗುರು. ಏನೂ ಹೇಳದ ಡಬ್ಬಿ ಇಟ್ಟಬರಾಕ ಸಾಧ್ಯನ ಇರಲಿಲ್ಲ. ಫ್ರಿಜ್ಜಿನ್ಯಾಗ ಇಡೂ ಸೂಜಿ ಮತ್ತ್ಯಾರಿಗೆ ಇರತಾವ ಅಂತ ವಿಚಾರ ಮಾಡಿದಿವಿ. ಸಕ್ಕರಿ ಬ್ಯಾನಿಯವರಿಗೆ. ನಮ್ಮತ್ತಿಗೆ ಸಕ್ಕರಿ ಬ್ಯಾನಿ ಆಗೇತಿ ಅಂತ ಹೇಳೂದು ಅಂತ ನಮ್ಮನಿಯವ್ರು ಠರಾಯಿಸಿದ್ರು.

ನಮ್ಮತ್ತಿ ಸುಳ್ಳಿಗೆ ಹೆದರಲಿಲ್ಲ, ಹೊತ್ತಿಗೆ ಹೆದರಿದ್ಳು. ದೀಪ ಹಚ್ಚೂ ಹೊತ್ತಿನ್ಯಾಗ ಅಸ್ತು ದೇವತಿಗಳು ಓಣಿ ಓಣಿ ತಿರಗಾಡತಿರತಾವಂತ, ಯಾರು ಏನ ಆಡತಾರ ಅದಕ್ಕ ಅಸ್ತು ಅಂದುಬಿಡತಾವಂತ, ಅಂದದ್ದು ಆಗೇ ಆಗತೈತಂತ. ಅದಕ್ಕ ನಮ್ಮ ಮನ್ಯಾಗ ಸಂಜಿ ಮುಂದ ಅಕ್ಕಿ ತೀರ್ಯಾವ ಅಂತಿದ್ದಿಲ್ಲ, ಹೆಚ್ಚಾಗ್ಯಾವ ಅಂತಿದ್ದಿವಿ. ನಾ ಸುಮ್ಮನಿರತೇನೇನು? ಒಬ್ಬರು ಮಳಿ ಬರಲಿ ಅಂದು ಇನ್ನೊಬ್ಬರು ಬರೂದು ಬ್ಯಾಡ ಅಂದ್ರ ಆ ದೇವತಿಗಳು ಯಾರಿಗೆ ಅಸ್ತು ಅಂತಾವ್ರಿ ಅಂತ ಕೇಳಿದೆ. ಯಾರ ಮಾತು ಗಟ್ಟಿ ಇರತೈತಿ ಅವರಿಗೆ ಅಂದ್ಳು. ನಮ್ಮನಿಯವ್ರು ನಕ್ಕರು. ಆಕಿ ನಗಲಿಲ್ಲ. ಹಂಗಾದ್ರ ನಾನ ಹೋಗಿ ಔಷಧ ತರತೇನಿ ಅಂದ್ರ ಅದಕ್ಕೂ ಒಪ್ಪಲಿಲ್ಲ. ನಿನಗ ಸುಳ್ಳು ಆಡಾಕ ಬರೂದಿಲ್ಲ, ನಿನ್ನ ಮಾರಿನ ಎಲ್ಲಾ ಹೇಳತೈತಿ ಅಂತ ತಾನ ಸೆರಗು ಹೊತ್ತು ನಡದ್ಳು.

ಅವು ರಂಜಾನ್ ದಿನಗಳು. ನಮ್ಮತ್ತಿ ಔಷಧ ತರಾಕ ಹೋಗೂ ಹೊತ್ತಿಗೆ ಖಾಲಾನ ಮನ್ಯಾಗ ರೋಜಾ ಬಿಡತಿದ್ರು. ಮುಂಚೆ ಆಗಿದ್ರ ಖರ್ಜೂರ ಮೊದಲ ನಮ್ಮತ್ತಿ ಕೈಯಾಗ ಬರತಿತ್ತು. ಈಗ ಖಾಲಾ ತಾಟು ಹಿಂದಕ್ಕ ಸರಸಿ, ನಿನಗ ಬ್ಯಾಡ ಅಕ್ಕಾ, ಸಕ್ಕರಿ ಐತಿ ಅಂತ ಎರಡು ಭಜಿ ಕೊಡತಿದ್ಳು. ಸುದ್ದಿ ಓಣಿ ತುಂಬಾ ಹಬ್ಬಿತು. ಒಬ್ಬರು ಮೆಂತೆ ನೆನಸಿ ತಂದ್ರು, ಇನ್ನೊಬ್ಬರು ಹಾಗಲಕಾಯಿ ರಸ ತಂದು ಕುಡಿಯೂತನಾ ಎದುರಿಗೆ ನಿಂತ್ರು. ನಮ್ಮತ್ತಿ ಕುಡದ್ಳು. ಅವರು ಹೋದ ಮ್ಯಾಲೆ ನನ್ನ ನೋಡಿ, 'ನಿನ್ನ ಮಗಾ ಹುಟ್ಟಲಿ, ಅವಗ ಇದರ ಲೆಕ್ಕಾ ಕೇಳತೇನಿ' ಅಂತ ಬಾಯಿ ಮುಕ್ಕಳಿಸಿದ್ಳು.

ಹಬ್ಬದ ದಿನ ಖಾಲಾ ನಮ್ಮ ಮನಿಗೆ ದೊಡ್ಡ ಡಬ್ಬಿ ಸುರಕುಂಬಾ ಕಳಿಸಿದ್ಳು. ಮ್ಯಾಲೆ ಒಂದು ಸಣ್ಣ ವಾಟಗ. ಅದು ನಮ್ಮತ್ತಿಗೆ, ಸಕ್ಕರಿ ಹಾಕದ ಬ್ಯಾರೆ ಮಾಡಿದ್ದು. ಸುರಕುಂಬಾ ಅಂದ್ರ ನಮ್ಮತ್ತಿಗೆ ಪ್ರಾಣ. ದೊಡ್ಡ ಡಬ್ಬ್ಯಾಗಿಂದು ತಗೊಳ್ರಿ, ಯಾರ ನೋಡತಾರ ಅಂದೆ. ಆಕಿ ಒಲ್ಲೆ ಅಂದ್ಳು. ಆಡಿದ ಮಾತು ಗಟ್ಟಿ ಇರಬೇಕು ಅಂದ್ಳು. ಹಿಂಗ್ಯಾಕ ಅಂತಾಳ ಅಂತ ನನಗ ತಿಳೀಲಿಲ್ಲ. ಸಪ್ಪನ ಶಾವಿಗಿ ಹಾಲು ವಾಟಗ ಬಳಿದು ಉಂಡ್ಳು.

ನಡುನಡುವ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಬೇಕಿತ್ತು. ನಸುಕಿನ ಬಸ್ಸು, ಗದಗಿನ್ಯಾಗ ಬದಲಿ ಮಾಡೂದು, ಮತ್ತ ರಾತ್ರಿ ಆಗೂದರಾಗ ಮನಿ. ಬ್ಯಾಸರ ಆಗತಿರಲಿಲ್ಲ, ಯಾಕಂದ್ರ ಆ ಪರದೆ ಮ್ಯಾಲೆ ತತ್ತಿ ಬೆಳಿಯೂ ಕರ್ರಗಿನ ಗುಂಡನ್ನ ಚೀಲ ದಿನಾ ದಿನಾ ದೊಡ್ಡವಾಗತಿದ್ವು. ನನ್ನ ಹೊಟ್ಟಿಯೊಳಗ ಇಂಥಾವೆಲ್ಲಾ ತಿಂಗಳಾ ನಡೀತಿದ್ವು, ನನಗ ಸುದ್ದಿನ ಇದ್ದಿಲ್ಲ! ಉಳಿದ ಹೆಣಮಕ್ಕಳು ಕಣ್ಣು ಮುಚ್ಚಿ ದೇವರ ಹೆಸರು ಹೇಳಕೋತ ಮಲಗಿರತಿದ್ರು. ನಾ ಮಾತ್ರ, ಇದು ಯಾವುದ್ರಿ, ಅದು ಯಾಕ ಸಣ್ಣದೈತ್ರಿ ಅಂತ ಡಾಕ್ಟರ ತಲಿ ತಿಂತಿದ್ದೆ.

ತತ್ತಿ ತಗದ ಮ್ಯಾಲೆ ಅವನ್ನ ನಮ್ಮನಿಯವ್ರ ಬೀಜದ ಜೋಡಿ ಕೂಡಿಸಿ ಗಾಜಿನ ಬಟ್ಟಲದಾಗ ಇಟ್ರು. ಹೊಟ್ಟಿಯೊಳಗ ಬಿಡೂ ದಿನ ನಾ ಬೇಡಿಕೊಂಡೆ, ಒಮ್ಮೆ ತೋರಸ್ರಿ ಅಂತ. ಟೀವಿ ಪರದೆ ಮ್ಯಾಲೆ ತೋರಿಸಿದ್ರು. ನಾಕು ಗುಂಡನ್ನ ಹನಿ ಒಂದಕ್ಕೊಂದು ಆತುಕೊಂಡು ನಿಂತಿದ್ವು. ಕೈಯಿಲ್ಲ, ಕಾಲಿಲ್ಲ, ಮಾರಿಯಿಲ್ಲ. ಆದ್ರೂ ನನಗ ಗುರ್ತ ಸಿಕ್ಕಂಗ ಆತು. ಮಕ್ಕಳನ್ನ ಹಡದವರು ಎಷ್ಟೋ ಮಂದಿ ಅದಾರ, ಮಗು ಅಷ್ಟು ಸಣ್ಣದಿದ್ದಾಗ ನೋಡಿದವರು ಯಾರು? ನಾ ನೋಡೇನಿ. ಹೊರಗ ಬಂದು ನಮ್ಮನಿಯವ್ರಿಗೆ ಹೇಳಿದೆ. ಕರೆಂಟ್ ಬಂದಂಗಾತಲ್ಲ ಅಂತ ಮೀಸಿಯಾಗ ನಕ್ಕರು.

ಇನ್ನ ದಿನಾ ಕಾಯೂದಷ್ಟ ಉಳದಿತ್ತು. ಮನ್ಯಾಗ ನಮ್ಮತ್ತಿ ನನಗ ಕೊಡಾ ಎತ್ತಗೊಡತಿದ್ದಿಲ್ಲ, ಬಗ್ಗಗೊಡತಿದ್ದಿಲ್ಲ. ಈ ಕಡೆ ಖಾಲಾನ ಕಣ್ಣು ಫ್ರಿಜ್ಜಿನ ಮ್ಯಾಲೆ. ಡಬ್ಬಿ ಖಾಲಿ ಆತು, ಹೊಸಾದು ಬರಲಿಲ್ಲ. ಸೂಜಿ ನಿಲ್ಲಿಸಿದ್ರ ಹ್ಯಾಂಗ ಅಕ್ಕಾ, ಸಕ್ಕರಿ ಇಳದೈತೋ ಇಲ್ಲೋ ನೋಡಬೇಕಲ್ಲ, ನಮ್ಮ ಅಣ್ಣಗ ಹಿಂಗ ಮಾಡಿ ಕಾಲು ಹೋತು ಅಂತ ಒಂದಿನ ಮುಂಜಾನೆ ಬಂದು ನಮ್ಮತ್ತಿ ಕೈ ಹಿಡದು ಸರಕಾರಿ ದವಾಖಾನಿಗೆ ಎಳಕೊಂಡ ಹೋದ್ಳು. ಒಲ್ಲೆ ಅನ್ನಾಕ ನೆವಾ ಸಿಗಲಿಲ್ಲ. ನಾ ಬಾಗಲದಾಗ ನಿಂತು ನಗು ತಡಕೊಂಡೆ. ಬರೂವಾಗ ಏನ ಸುಳ್ಳು ಹೇಳತಾಳೋ ನೋಡಬೇಕು ಅಂತ.

ಮಧ್ಯಾಹ್ನ ಬಂದ ನಮ್ಮತ್ತಿ ಮಾರಿ ನೋಡಿ ದಂಗಾದೆ. ಹಂಗ ಹೊಳಿಯೂ ಮಾರಿ ನಾ ಎಂದೂ ನೋಡಿದ್ದಿಲ್ಲ. ಸೆರಗಿನ ಗಂಟು ಬಿಚ್ಚಿ ಗುಳಗಿ ತೋರಿಸಿದ್ಳು.

"ಸಕ್ಕರಿ ಬಂದೈತವಾ ನನಗ. ಖರೇನ ಬಂದೈತಿ. ಭಾಳ ಐತಂತ."

ಅತ್ತೀ, ಇದಕ್ಕ ನಗತಾರೇನ್ರಿ ಅಂದೆ. ಆಕಿ ನನ್ನ ಒಳಗ ಕರಕೊಂಡು ಹೋಗಿ, ಬಾಗಲಾ ಮುಂದ ಮಾಡಿ, ಪಿಸುಮಾತಿನ್ಯಾಗ ಹೇಳಿದ್ಳು. ದಿನಾ ಸಂಜಿಕೆ ಖಾಲಾನ ಮನಿಗೆ ಹೋಗುವಾಗ ಓಣಿ ನಡುವ ಒಂದು ಗಳಿಗಿ ನಿಂತು, ನನಗ ಸಕ್ಕರಿ ಐತಿ, ನನ್ನ ಸೊಸಿ ಹೊಟ್ಟ್ಯಾಗ ಮಗಾ ಐತಿ ಅಂತ ಎರಡೂ ಮಾತು ಕೂಡಿಸಿ ಆಡತಿದ್ಳಂತ. ಬರೇ ಚಲೋ ಮಾತು ಆಡಿದ್ರ ಇದು ಆಶೆಬುರಕಿ ಅಂತ ದೇವತಿಗಳು ದಾಟಿ ಹೋಗತಾವ. ಒಂದು ಕೆಟ್ಟದ್ದು ತಗೊಂಡ್ರ ಒಂದು ಚಲೋದು ಕೊಡಬೇಕಲ್ಲ. ಒಂದಕ್ಕ ಅಸ್ತು ಅಂದಾವ ಅಂದ ಮ್ಯಾಲೆ ಇನ್ನೊಂದಕ್ಕೂ ಅಂದಿರತಾವ, ಒಂದ ಉಸರಿನ್ಯಾಗ ಆಡಿದ ಮಾತು ಅದು.

ಆಕಿಗೆ ಸಕ್ಕರಿ ಬ್ಯಾನಿ ಮೊದಲಿಂದನೂ ಇದ್ದಿರಬೇಕು, ತಪಾಸಣಿ ಮಾಡಿಸಿದ್ದಿಲ್ಲ ಅಷ್ಟ, ಅಂತ ನನ್ನ ಬುದ್ಧಿ ಹೇಳತಿತ್ತು. ಆದ್ರೂ ಖರೇ ಹೇಳತೇನಿ, ಅವತ್ತ ಇಡೀ ದಿನ ನಾನೂ ಆಕಿ ಹಂಗ ನಂಬಿದೆ. ಹೊಟ್ಟಿ ಮ್ಯಾಲೆ ಕೈ ಇಟ್ಟುಕೊಂಡ ಅಡ್ಡಾಡಿದೆ. ಆ ನಾಕು ಹನಿ ಈಗ ಎಷ್ಟಾಗಿರಬೇಕು ಅಂತ ಲೆಕ್ಕಾ ಹಾಕಿದೆ. ಆಕಿ ದಿನಾ ಊಟ ಆದ ಮ್ಯಾಲೆ ಪ್ರಸಾದ ತಗೊಂಡಂಗ ಆ ಗುಳಗಿ ಕಣ್ಣಿಗೆ ಒತ್ತಿಕೊಂಡು ನುಂಗತಿದ್ಳು.

ರಕ್ತಾ ತಪಾಸಣಿಗೆ ಹುಬ್ಬಳ್ಳಿಗೆ ಹೋಗೂದು ಇನ್ನೂ ಬಾಕಿ ಇತ್ತು. ಅದಕ್ಕಿಂತ ಮೊದಲ ಒಂದು ಮುಂಜಾನೆ ಬಚ್ಚಲಕ್ಕ ಹೋದಾಗ ಮುಟ್ಟಾಗೇನಿ ಅಂತ ಗೊತ್ತಾತು. ಭಾಳ ಹೊತ್ತು ಒಳಗ ಕುಂತಿದ್ದೆ. ಹಂಡೇದ ನೀರು ಕುದಿಯಾಕ ಹತ್ತಿತ್ತು. ನನಗ ನನ್ನ ದುಃಖಕ್ಕಿಂತ ಮುಂಚೆ ಬಂದದ್ದು ಬ್ಯಾರೆ ವಿಚಾರ: ನಮ್ಮತ್ತಿಗೆ ಹ್ಯಾಂಗ ಹೇಳೂದು? ನಮ್ಮನಿಯವ್ರಿಗೆ ಹೇಳಿದೆ. ಅವರು ಗ್ವಾಡಿ ಹಿಡಕೊಂಡು ನಿಂತ್ರು, ಆಮ್ಯಾಲೆ ಊಟಾ ಸೈತ ಮಾಡದ ಅಂಗಡಿಗೆ ಹೋದ್ರು. ನಾ ಒಲಿ ಮುಂದ ಕುಂತಿದ್ದ ನಮ್ಮತ್ತಿ ಹಂತ್ಯಾಕ ಹೋಗಿ, ಇಲ್ರಿ ಅತ್ತಿ ಅಂದೆ. ಅಷ್ಟ. ಆಕಿ ಬಡಿಯೂ ರೊಟ್ಟಿ ಬಿಟ್ಟು ನನ್ನ ನೋಡಿದ್ಳು. ಹಿಟ್ಟಿನ ಕೈಲೆ ನನ್ನ ಮಾರಿ ಸವರಿದ್ಳು. ಅಂದದ್ದರಾಗ ಅರ್ಧಾನ ಕೇಳ್ಯಾವಲ್ಲ, ಅರ್ಧಾನ ಕೇಳ್ಯಾವ ಅಂತ ಅವತ್ತೆಲ್ಲಾ ತನ್ನಷ್ಟಕ್ಕ ಅಂದಕೋತ ಇದ್ದಳು.

ಅವತ್ತ ಇಡೀ ದಿನ ನಾ ಅಳಲಿಲ್ಲ. ಅರಬಿ ಒಗದೆ, ಕೊಡಾ ಎತ್ತಿದೆ. ಈಗ ಎತ್ತಬ್ಯಾಡ ಅನ್ನೋರು ಇರಲಿಲ್ಲ. ಸಂಜಿಕೆ ನಮ್ಮತ್ತಿ ಸೆರಗು ಹೊತ್ತು ಹೊರಗ ಹೊಂಟಳು. ತರಾಕ ಔಷಧ ಇಲ್ಲ, ಎಲ್ಲಿಗೆ ಹೊಂಟಾಳ, ಮತ್ತೇನ ಬೇಡಿಕೋತಾಳ ಅಂತ ನಾ ಹಿಂದ ಹೋದೆ. ಖಾಲಾ ಕಟ್ಟಿ ಮ್ಯಾಲೆ ಕುಂತು ಬಳ್ಳೊಳ್ಳಿ ಸುಲೀತಿದ್ದಳು, ಬಾಜೂಕ ಓಣಿಯ ಇನ್ನಿಬ್ಬರು ಹೆಣಮಕ್ಕಳು. ಗುಳಗಿ ತಗೊಂಡ್ಯೇನ ಅಕ್ಕಾ ಅಂತ ಖಾಲಾ ಕೇಳಿದ್ಳು. ನಮ್ಮತ್ತಿ ಓಣಿ ನಡುವ ನಿಂತ್ಳು.

"ಆ ಸೂಜಿ ನನ್ನವಲ್ಲ ತಂಗಿ, ನನ್ನ ಸೊಸಿವು. ಮಗಾ ಆಗಲಿ ಅಂತ ಚುಚ್ಚಿಕೊಂಡ್ಳು, ಆಗಲಿಲ್ಲ. ಆಕಿಯಾಗ ಏನೂ ಕಮ್ಮಿ ಇಲ್ಲ. ಕಮ್ಮಿ ಇರೂದು ನನ್ನ ಮಗನಾಗ."

ಬಳ್ಳೊಳ್ಳಿ ಸುಲಿಯೂ ಕೈ ನಿಂತ್ವು. ನಾ ಓಡಿ ಹೋಗಿ ಆಕಿ ಸೆರಗು ಜಗ್ಗಿದೆ. ದೀಪ ಹಚ್ಚೂ ಹೊತ್ತು ಐತ್ರಿ ಅತ್ತಿ, ಮಗನ ಬಗ್ಗೆ ಏನ ಆಡತೀರಿ ಅಂದೆ.

"ಇರಲಿ," ಅಂದ್ಳು. "ಖರೇ ಮಾತಿಗೆ ಯಾವ ಹೊತ್ತಾದ್ರೇನ."

ನಮ್ಮ ಹಿಂದ ಸೈಕಲ್ ನಿಂತ ಸಪ್ಪಳಾತು. ತಿರುಗಿ ನೋಡಿದ್ರ ನಮ್ಮನಿಯವ್ರು. ಯಾವಾಗ ಬಂದಿದ್ರೋ, ಎಲ್ಲಾ ಕೇಳಿದ್ರು. ಮಗನ ಮಾನ ಅಂತ ಹಟಾ ಹಿಡದಿದ್ದ ಅವ್ವ, ಓಣಿ ಮಂದಿ ಎದುರಿಗೆ ತಾನ ಅದನ್ನ ಬಿಟ್ಟುಕೊಟ್ಟಿದ್ಳು. ಅವರು ಅವ್ವನ್ನ ನೋಡಲಿಲ್ಲ, ನನ್ನ ನೋಡಲಿಲ್ಲ. ಕಟ್ಟಿ ಮ್ಯಾಲಿನ ಹೆಣಮಕ್ಕಳ ಕಡೆ ನೋಡಿ, "ಹೌದ್ರಿ" ಅಂದ್ರು.

ಸೈಕಲ್ ಗ್ವಾಡಿಗೆ ಆನಿಸಿ, ಕಾಲು ತೊಳಕೊಳ್ಳಾಕ ಒಳಗ ಹೋದ್ರು. ನಾ ಖಾಲಾನ ಕಟ್ಟಿ ಮ್ಯಾಲೆ ಕುಂತು, ಎಲ್ಲಾರ ಮುಂದ ಸೆರಗು ಸೈತ ಬಾಯಿಗೆ ಹಿಡೀದ, ಜೋರ ಅತ್ತುಬಿಟ್ಟೆ.